ಇಳಿಸಿದ್ದು, ಕುದಿಸಿದ್ದು, ಏರಿಸಿದ್ದು

ಬೆಂಗಳೂರಿನ ವಿಜಯನಗರಕ್ಕೆ ಹೊಂದಿಕೊಂಡಿರುವ ಆರ್‌ಪಿಸಿ ಲೇಔಟ್‌ಗೆ ಹಂಪಿನಗರ ಎಂಬ ಇನ್ನೊಂದು ಹೆಸರೂ ಉಂಟು. ಇಲ್ಲಿನ ಹಳೆಯ ಮನೆಗಳಲ್ಲಿ ರಾತ್ರಿ ಮಲಗುವ ಮುಂಚಿನ ಕೊನೆಯ ಕೆಲಸ ಫಿಲ್ಟರಿಗೆ ಪುಡಿ ಹಾಕುವುದು. ಮೇಲಿನ ಪಾತ್ರೆಗೆ ನಾಲ್ಕು ಚಮಚ ಕಾಫಿಪುಡಿ ಹಾಕಿ, ನಡುವೆ ಕಡ್ಡಿಯಿರುವ ತೂತುಬಿಲ್ಲೆಯನ್ನು ಅದರ ಮೇಲೆ ಮೆಲ್ಲಗೆ ಒತ್ತಿ, ಕುದಿಯುವ ನೀರು ಸುರಿದು ಮುಚ್ಚಳ ಮುಚ್ಚಿದರೆ ಮುಗಿಯಿತು. ಬೆಳಿಗ್ಗೆ ಹಾಲಿನವನು ಬಂದು ಹೋದ ಮೇಲೆ ಒಳಗಿನಿಂದ ಬರುವ ಮೊದಲ ಪ್ರಶ್ನೆ: "ಡಿಕಾಕ್ಷನ್ ಇಳಿದಿದೆಯಾ?"

ಎರಡೇ ಪದಗಳ ಈ ಪ್ರಶ್ನೆಯಲ್ಲಿ ಒಂದು ತಪ್ಪು, ಒಂದು ಸರಿ ಅಡಗಿವೆ. ತಪ್ಪು ಇರುವುದು ನಾಮಪದದಲ್ಲಿ, ಸರಿ ಇರುವುದು ಕ್ರಿಯಾಪದದಲ್ಲಿ. ಫಿಲ್ಟರಿನ ಕೆಳಗಿನ ಪಾತ್ರೆಗೆ ಇಳಿದಿರುವ ಆ ಕಪ್ಪು ದ್ರವ, ನಿಜವಾದ ಅರ್ಥದಲ್ಲಿ ಡಿಕಾಕ್ಷನ್ ಅಲ್ಲವೇ ಅಲ್ಲ. ಅದರ ಸರಿಯಾದ ಹೆಸರು ಇನ್ಫ್ಯೂಶನ್.

ಹೆಸರು ಏನಾದರೇನು, ಕಾಫಿ ರುಚಿಯಾಗಿದ್ದರೆ ಸಾಲದೇ ಎಂದು ಕೇಳಬಹುದು. ಕಾಫಿಯ ಮಟ್ಟಿಗೆ ಆ ಮಾತು ಸರಿಯೇ. ಆದರೆ ಇದೇ ಎರಡು ಪದಗಳ ಗೊಂದಲ ಕೆಮ್ಮಿನ ಕಷಾಯದ ಪಾತ್ರೆಗೂ ಆಸ್ಪತ್ರೆಯ ಹಾಸಿಗೆಯ ಪಕ್ಕದ ಬಾಟಲಿಗೂ ಹರಡಿಕೊಂಡಿದೆ. ಅಲ್ಲಿ ಅದಕ್ಕೆ ತೆರುವ ಬೆಲೆ ರುಚಿಯದಷ್ಟೇ ಅಲ್ಲ.

ಎರಡು ಪದ, ಎರಡು ಕೆಲಸ

ಡಿಕಾಕ್ಷನ್ ಎಂಬುದು ಲ್ಯಾಟಿನ್ ಭಾಷೆಯ 'ಡೆಕೊಕ್ವೆರೆ' ಎಂಬ ಧಾತುವಿನಿಂದ ಬಂದದ್ದು. ಕುದಿಸಿ ಬತ್ತಿಸುವುದು ಎಂಬುದು ಅದರ ಅರ್ಥ. ಬೇರು, ತೊಗಟೆ, ಕಡ್ಡಿಗಳನ್ನು ನೀರಿಗೆ ಹಾಕಿ, ಒಲೆಯ ಮೇಲಿಟ್ಟು, ನೀರು ಬತ್ತುವ ತನಕ ಕುದಿಸಿ ತೆಗೆದ ಸಾರ ಅದು. ಇನ್ಫ್ಯೂಶನ್ ಬಂದದ್ದು 'ಇನ್‌ಫುಂಡೆರೆ' ಎಂಬುದರಿಂದ. ಒಳಕ್ಕೆ ಸುರಿಯುವುದು, ಎರೆಯುವುದು ಎಂದು ಇದರ ಅರ್ಥ. ಎಲೆಯ ಮೇಲೋ ಪುಡಿಯ ಮೇಲೋ ನೀರು ಎರೆದು, ಸಾರ ಬಿಡುವ ತನಕ ಸುಮ್ಮನೆ ಬಿಟ್ಟು, ಸೋಸಿಕೊಳ್ಳುವುದು ಇನ್ಫ್ಯೂಶನ್. ನೀರು ಬಿಸಿಯಾಗಿರಬಹುದು, ತಣ್ಣಗೂ ಇರಬಹುದು. ಆದರೆ ಪದಾರ್ಥವನ್ನು ನೀರಿನೊಡನೆ ಒಲೆಯ ಮೇಲೆ ಕುದಿಸುವಂತಿಲ್ಲ.

ಈ ಅಳತೆಗೋಲು ಹಿಡಿದು ನೋಡಿದರೆ ನಮ್ಮ ಅಡಿಗೆಮನೆಯಲ್ಲಿ ಒಂದು ತಮಾಷೆ ಕಾಣುತ್ತದೆ. ಇಂಗ್ಲಿಷರಿಗೆ ಇನ್ಫ್ಯೂಶನ್ ಎಂದರೆ ಮೊದಲು ನೆನಪಾಗುವುದು ಚಹಾ. ಕೆಟಲಿನಲ್ಲಿ ಎಲೆ ಹಾಕಿ, ಕುದಿದ ನೀರು ಸುರಿದು, ಐದು ನಿಮಿಷ ಮುಚ್ಚಿಡುವುದು ಅವರ ಕ್ರಮ. ನಮ್ಮಲ್ಲಿ ಹುಬ್ಬಳ್ಳಿಯ ಖಡಕ್ ಚಹಾ ಇರಲಿ, ವಿಜಯನಗರದ ಬಸ್ ನಿಲ್ದಾಣದ ಪಕ್ಕದ ಟೀ ಇರಲಿ, ಸೊಪ್ಪು, ಸಕ್ಕರೆ, ಹಾಲು, ಶುಂಠಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಕೊತಕೊತ ಕುದಿಯಲೇಬೇಕು. ಅಂದರೆ ನಮ್ಮ ಟೀ ಅಪ್ಪಟ ಡಿಕಾಕ್ಷನ್. ನಾವು ಡಿಕಾಕ್ಷನ್ ಎಂದು ಕರೆಯುವ ಕಾಫಿಯ ಸಾರವೋ ಅಪ್ಪಟ ಇನ್ಫ್ಯೂಶನ್.

ಈ ಹೆಸರು ಅಂಟಿಕೊಂಡ ಬಗೆಯನ್ನು ಊಹಿಸುವುದು ಕಷ್ಟವಲ್ಲ. ಕಾಫಿ ಕುಡಿಯುವ ರೂಢಿ ಬೆಳೆದ ಅರಬ್ ಮತ್ತು ತುರ್ಕಿ ನಾಡುಗಳಲ್ಲಿ ಪುಡಿಯನ್ನು ನೀರಿನಲ್ಲಿ ಕುದಿಸಿಯೇ ಕುಡಿಯುತ್ತಿದ್ದರು. ಬಾಬಾ ಬುಡನ್ ಎಂಬ ಸೂಫಿ ಸಂತರು 17ನೆಯ ಶತಮಾನದಲ್ಲಿ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಎಂಬ ಕಥೆ ಎಲ್ಲರಿಗೂ ಗೊತ್ತು. ಆ ಬೀಜ ಮರವಾಗಿ, ತೋಟವಾಗಿ, ದೇಶದ ಕಾಫಿಯಲ್ಲಿ ಸುಮಾರು ಶೇ 70 ಭಾಗ ಇಂದು ಕರ್ನಾಟಕದಲ್ಲೇ ಬೆಳೆಯುತ್ತದೆ. 1942ರ ಕಾಯಿದೆಯನ್ವಯ ರಚನೆಯಾದ ಕಾಫಿ ಮಂಡಳಿಯ ಕೇಂದ್ರ ಕಚೇರಿ ಇರುವುದೂ ಬೆಂಗಳೂರಿನಲ್ಲೇ. ಬೀಜದ ಜತೆಗೆ ಕುದಿಸುವ ಪದ್ಧತಿಯೂ ಮನೆಗಳಿಗೆ ಬಂತು. ಕುದಿವ ನೀರಿಗೆ ಪುಡಿ ಹಾಕಿ ಬಟ್ಟೆಯಲ್ಲಿ ಸೋಸುವ ಕ್ರಮ ಹಳ್ಳಿಗಳಲ್ಲಿ ಈಗಲೂ ಅಪರೂಪವಲ್ಲ. ಅದನ್ನು ಡಿಕಾಕ್ಷನ್ ಎಂದರೆ ತಪ್ಪಿಲ್ಲ. ಹಿತ್ತಾಳೆಯದೋ ಸ್ಟೀಲಿನದೋ ಫಿಲ್ಟರು ಬಂದಾಗ ಕೆಲಸದ ರೀತಿ ಬದಲಾಯಿತು, ಹೆಸರು ಮಾತ್ರ ಹಾಗೆಯೇ ಉಳಿಯಿತು.

ಆದರೆ ಕನ್ನಡದ ಕ್ರಿಯಾಪದ ಮೋಸ ಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ಫಿಲ್ಟರಿನ ಮುಂದೆ ನಿಂತು ಯಾರೂ "ಡಿಕಾಕ್ಷನ್ ಕುದಿಯಿತಾ" ಎಂದು ಕೇಳುವುದಿಲ್ಲ. 'ಇಳಿಯಿತಾ' ಎಂದೇ ಕೇಳುತ್ತಾರೆ. ಕಷಾಯವನ್ನು ಕುದಿಸುತ್ತಾರೆ, ಬತ್ತಿಸುತ್ತಾರೆ. ಡಿಕಾಕ್ಷನ್ನನ್ನು ಇಳಿಸುತ್ತಾರೆ. ಮೊದಲ ಸಲ ಇಳಿದದ್ದು ಗಟ್ಟಿ ಡಿಕಾಕ್ಷನ್. ಅದೇ ಪುಡಿಗೆ ಮತ್ತೆ ನೀರು ಹಾಕಿದರೆ ಎರಡನೇ ಡಿಕಾಕ್ಷನ್, ಅನಿರೀಕ್ಷಿತವಾಗಿ ಬಂದ ನೆಂಟರ ಪಾಲಿಗೆ. ಸಾರವೆಲ್ಲ ಮೊದಲ ನೀರಿಗೇ ಬಿಟ್ಟುಕೊಂಡಿರುವುದರಿಂದ ಎರಡನೆಯದರಲ್ಲಿ ಬಣ್ಣವಿರುತ್ತದೆ, ಬಲ ಇರುವುದಿಲ್ಲ. ಬಣ್ಣ ನೋಡಿ ಮೋಸ ಹೋಗಲು ಚಿಕೋರಿಯೂ ಒಂದು ಕಾರಣ. ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನ್ ಇಲ್ಲ. ಹುರಿದು ಪುಡಿ ಮಾಡಿದರೆ ನೀರಿಗೆ ಬೇಗ ಕಪ್ಪು ಬಿಡುತ್ತದೆ. ಕಾಫಿ ಮತ್ತು ಚಿಕೋರಿ ಮಿಶ್ರಣದಲ್ಲಿ ಚಿಕೋರಿ ಶೇ 49 ಮೀರಬಾರದು ಎಂಬುದು ನಿಯಮ.

ಐದು ಬಗೆಯ ಕಷಾಯ

ಕುದಿಸುವುದಕ್ಕೂ ನೆನೆಸುವುದಕ್ಕೂ ಇರುವ ಅಂತರ ನಮ್ಮ ಹಿರಿಯರಿಗೆ ತಿಳಿಯದ ಸಂಗತಿಯೇನಲ್ಲ. ಆಯುರ್ವೇದದಲ್ಲಿ ಇದಕ್ಕೆ ಕರಾರುವಾಕ್ಕಾದ ಪರಿಭಾಷೆ ಇದೆ. ಕಷಾಯ ಎಂದರೆ ಕುದಿಸಿದ್ದು ಎಂದು ಈಗ ನಾವು ತಿಳಿದಿದ್ದೇವೆ. ಚರಕಸಂಹಿತೆಯಲ್ಲಿ ಕಷಾಯ ಎಂಬುದು ಗಿಡಮೂಲಿಕೆಯ ಸಾರ ತೆಗೆಯುವ ಐದು ವಿಧಾನಗಳಿಗೂ ಸಲ್ಲುವ ಒಟ್ಟು ಹೆಸರು. ಹಸಿಯಾಗಿ ಜಜ್ಜಿ ಹಿಂಡಿದರೆ ಸ್ವರಸ. ಅರೆದು ಮುದ್ದೆ ಮಾಡಿದರೆ ಕಲ್ಕ. ಕುದಿಸಿ ಬತ್ತಿಸಿದರೆ ಶೃತ ಅಥವಾ ಕ್ವಾಥ. ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಶೀತ ಅಥವಾ ಹಿಮ. ಬಿಸಿನೀರು ಎರೆದು, ಕಿವುಚಿ, ಸೋಸಿದರೆ ಫಾಂಟ. ಈ ಕೊನೆಯ ಎರಡೇ ಇಂಗ್ಲಿಷಿನ ಇನ್ಫ್ಯೂಶನ್. ಸ್ವರಸ ಎಲ್ಲಕ್ಕಿಂತ ಬಲವಾದದ್ದು, ಫಾಂಟ ಎಲ್ಲಕ್ಕಿಂತ ಹಗುರ ಎಂದೂ ಚರಕ ಕ್ರಮ ಹೇಳುತ್ತಾನೆ. ರೋಗದ ಬಲ, ರೋಗಿಯ ಬಲ ನೋಡಿ ಯಾವುದನ್ನು ಕೊಡಬೇಕೆಂದು ವೈದ್ಯ ತೀರ್ಮಾನಿಸಬೇಕು.

ಮಧ್ಯಯುಗದ ಶಾರ್ಙ್ಗಧರ ಸಂಹಿತೆ ಅಳತೆಯನ್ನೂ ಕೊಡುತ್ತದೆ. ಕ್ವಾಥಕ್ಕೆ ಒಂದು ಪಾಲು ಮೂಲಿಕೆಗೆ ಹದಿನಾರು ಪಾಲು ನೀರು ಹಾಕಿ, ಎಂಟನೆಯ ಒಂದು ಭಾಗ ಉಳಿಯುವ ತನಕ ಕುದಿಸಬೇಕು. ಫಾಂಟಕ್ಕೆ ಒಂದು ಪಾಲು ಪುಡಿಗೆ ನಾಲ್ಕು ಪಾಲು ಬಿಸಿನೀರು ಸಾಕು. ಹಿಮಕ್ಕೆ ಆರು ಪಾಲು ತಣ್ಣೀರು ಹಾಕಿ ರಾತ್ರಿಯೆಲ್ಲ ಇಡಬೇಕು. ಆರ್‌ಪಿಸಿ ಲೇಔಟ್‌ನ ಫಿಲ್ಟರಿನಲ್ಲಿ ನಡೆಯುವುದು, ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಕಾಫಿಯ ಫಾಂಟ.

ಫಾಂಟ, ಹಿಮ ಎಂಬ ಪದಗಳು ಪಂಡಿತರ ಪುಸ್ತಕದಲ್ಲೇ ಉಳಿದವು. ಆದರೆ ಆ ಕೆಲಸ ಮನೆಮನೆಯಲ್ಲಿ ನಡೆಯುತ್ತಲೇ ಇದೆ. ಬೇಸಿಗೆ ಬಂತೆಂದರೆ ಮಣ್ಣಿನ ಹೂಜಿಗೆ ಒಂದು ಹಿಡಿ ಲಾವಂಚದ ಬೇರು ಹಾಕುವುದುಂಟು. ಉಷ್ಣವಾಯಿತೆಂದರೆ ಕೊತ್ತಂಬರಿ ಬೀಜ ಜಜ್ಜಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಕ್ಕರೆ ಬೆರೆಸಿ ಕುಡಿಸುವುದುಂಟು. ಶಾರ್ಙ್ಗಧರ ಇದನ್ನು ಧಾನ್ಯಕ ಹಿಮ ಎಂದು ಕರೆದಿದ್ದಾನೆ. ದೇವಸ್ಥಾನದಲ್ಲಿ ಅಂಗೈಗೆ ಬೀಳುವ ತೀರ್ಥವೂ ತುಳಸಿ, ಪಚ್ಚಕರ್ಪೂರ, ಏಲಕ್ಕಿಗಳನ್ನು ನೀರಿನಲ್ಲಿ ನೆನೆಸಿದ ಹಿಮವೇ. ಜಾತ್ರೆಗಳಲ್ಲಿ ಮಾರುವ ಹೊನ್ನೆಮರದ ಲೋಟಕ್ಕೆ ರಾತ್ರಿ ನೀರು ಹಾಕಿಟ್ಟರೆ ಬೆಳಿಗ್ಗೆ ಕಂದು ಬಣ್ಣಕ್ಕೆ ತಿರುಗಿರುತ್ತದಲ್ಲ, ಅದೂ ಅಷ್ಟೇ. ಸಕ್ಕರೆ ಕಾಯಿಲೆಯವರು ಇದನ್ನು ನಂಬಿ ಕುಡಿಯುತ್ತಾರೆ. ಅದನ್ನು ನೆಚ್ಚಿ ವೈದ್ಯರು ಬರೆದುಕೊಟ್ಟ ಮಾತ್ರೆ ಬಿಡುವುದು ಮಾತ್ರ ಅಪಾಯ.

ರಾಜರ ಅಂತಃಪುರದಲ್ಲಿ ಇದು ಭೋಗವೂ ಆಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಪಾನೀಯಭೋಗ ಎಂಬ ಭಾಗವೇ ಇದೆ. ಯಾವ ನೀರು ಕುಡಿಯಲು ಉತ್ತಮ, ಅದಕ್ಕೆ ಹೂವು ಮತ್ತು ಪರಿಮಳದ್ರವ್ಯಗಳ ವಾಸನೆ ಹಿಡಿಸುವುದು ಹೇಗೆ ಎಂಬ ವಿಚಾರವನ್ನು ಅರಸನೇ ಕೂತು ಬರೆದಿದ್ದಾನೆ. ಇಂದು ದುಬಾರಿ ಹೋಟೆಲುಗಳಲ್ಲಿ ಸೌತೆಕಾಯಿ, ಪುದೀನ ಹಾಕಿಟ್ಟ ನೀರನ್ನು 'ಇನ್ಫ್ಯೂಸ್ಡ್ ವಾಟರ್' ಎಂದು ಹೊಸದಾಗಿ ಕೊಡುತ್ತಿರುವುದು ಒಂಬತ್ತು ಶತಮಾನದ ಹಿಂದೆಯೇ ಕಲ್ಯಾಣದ ಅರಮನೆಯ ಊಟದ ಭಾಗವಾಗಿತ್ತು.

ಮನಸ್ಸಿಗೆ ಹತ್ತುವ ಕಷಾಯ

ಕಷಾಯ ಎಂಬ ಪದದ ಪಯಣವೂ ಕುತೂಹಲಕರ. ಒಂದು ಅರ್ಥದಲ್ಲಿ ಅದು ಆರು ರಸಗಳಲ್ಲಿ ಒಂದಾದ ಒಗರು. ಇನ್ನೊಂದು ಅರ್ಥದಲ್ಲಿ ಕೆಂಗಂದು ಬಣ್ಣ. ಸಂನ್ಯಾಸಿಗಳ ಕಾವಿ ಬಟ್ಟೆಗೆ ಕಾಷಾಯ ಎಂಬ ಹೆಸರು ಬಂದದ್ದು ಅದರಿಂದಲೇ. ತೊಗಟೆಯನ್ನು ನೀರಿಗೆ ಹಾಕಿದರೆ ಒಗರೂ ಬರುತ್ತದೆ, ಕೆಂಗಂದು ಬಣ್ಣವೂ ಬರುತ್ತದೆ. ಮದ್ದು, ರುಚಿ, ಬಣ್ಣ ಮೂರೂ ಒಂದೇ ಪಾತ್ರೆಯಿಂದ ಎದ್ದ ಅರ್ಥಗಳು.

ನಾಲ್ಕನೆಯ ಅರ್ಥ ಜೈನ ದರ್ಶನದ್ದು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕನ್ನು ಜೈನರು ಕಷಾಯಗಳೆಂದು ಕರೆಯುತ್ತಾರೆ. ಕರ್ನಾಟಕದೊಡನೆ ನಿಕಟ ನಂಟುಳ್ಳ ಆಚಾರ್ಯ ಪೂಜ್ಯಪಾದರು ತಮ್ಮ 'ಸರ್ವಾರ್ಥಸಿದ್ಧಿ' ಎಂಬ ವ್ಯಾಖ್ಯಾನದಲ್ಲಿ ಇದಕ್ಕೆ ಕಾರಣ ಕೊಟ್ಟಿದ್ದಾರೆ. ಆಲದ ಜಾತಿಯ ಮರಗಳ ಒಗರು ರಸ ಹೇಗೆ ಅಂಟಿಗೆ ಕಾರಣವಾಗುತ್ತದೋ, ಹಾಗೆ ಕ್ರೋಧಾದಿಗಳು ಆತ್ಮಕ್ಕೆ ಕರ್ಮ ಅಂಟಲು ಕಾರಣವಾಗುತ್ತವೆ ಎಂಬುದು ಅದರ ತಾತ್ಪರ್ಯ. ಬಣ್ಣ ಹಾಕುವವರಿಗೆ ಈ ಹೋಲಿಕೆ ತಕ್ಷಣ ಅರ್ಥವಾಗುತ್ತದೆ. ಒಗರು ನೀರಿನಲ್ಲಿ ಅದ್ದಿದ ಬಟ್ಟೆಗೆ ಬಣ್ಣ ಗಟ್ಟಿಯಾಗಿ ಹಿಡಿಯುತ್ತದೆ, ಎಷ್ಟು ಒಗೆದರೂ ಬಿಡುವುದಿಲ್ಲ. ಈ ವಿಷಯಕ್ಕೇ ಮೀಸಲಾದ ಗ್ರಂಥ 'ಕಷಾಯಪಾಹುಡ'. ಅದರ ಮೇಲಿನ 'ಜಯಧವಲಾ' ಎಂಬ ಮಹಾವ್ಯಾಖ್ಯಾನವನ್ನು ವೀರಸೇನರು ಆರಂಭಿಸಿ, ಅವರ ಶಿಷ್ಯ ಜಿನಸೇನರು ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಕ್ರಿ.ಶ. 837ರಲ್ಲಿ ಮುಗಿಸಿದರು. ಹಳಗನ್ನಡ ಲಿಪಿಯ ಅದರ ತಾಳೆಗರಿಗಳು ಶತಮಾನಗಳ ಕಾಲ ಉಳಿದು ಬಂದದ್ದು ಮೂಡುಬಿದಿರೆಯ ಬಸದಿಯಲ್ಲಿ.

ಒಂದು ಪದಾರ್ಥ ಇನ್ನೊಂದರೊಳಗೆ ಮೆಲ್ಲಗೆ ಇಳಿದು, ಅದರ ಬಣ್ಣ ಬದಲಿಸಿ, ಮತ್ತೆ ಬೇರ್ಪಡಿಸಲಾಗದಂತೆ ಆಗುವುದು ಎಂಬ ಭಾವ ಇಂಗ್ಲಿಷಿನ ಇನ್ಫ್ಯೂಶನ್ ಪದದಲ್ಲೂ ಇದೆ. ಅದನ್ನು ಮನಸ್ಸಿಗೆ ಅನ್ವಯಿಸಿದ ಕೆಲಸ ನಮ್ಮ ನೆಲದಲ್ಲಿ ಸಾವಿರ ವರ್ಷಕ್ಕೂ ಹಿಂದೆಯೇ ಆಗಿಹೋಗಿದೆ.

ಕುದಿಸಬೇಕೋ, ನೆನೆಸಬೇಕೋ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹೆಸರು ತಪ್ಪಿದರೆ ಆಗುವ ನಷ್ಟವೇನು?

ಗಿಡದ ಯಾವ ಭಾಗದಿಂದ ಏನನ್ನು ತೆಗೆಯಬೇಕು ಎಂಬುದರ ಮೇಲೆ ವಿಧಾನ ನಿಂತಿದೆ. ತುಳಸಿ, ಪುದೀನ, ಮಜ್ಜಿಗೆಹುಲ್ಲುಗಳ ಗುಣವೆಲ್ಲ ಇರುವುದು ಗಾಳಿಗೆ ಹಾರಿಹೋಗುವ ಸುಗಂಧ ತೈಲದಲ್ಲಿ. ಇವನ್ನು ತೆರೆದ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿದರೆ ಮನೆಯೆಲ್ಲ ಘಮ್ಮೆನ್ನುತ್ತದೆ. ಆ ಘಮಲು ಬಂದದ್ದು ಲೋಟಕ್ಕೆ ಇಳಿಯಬೇಕಾಗಿದ್ದ ಮದ್ದಿನಿಂದ. ಎಲೆ ಮತ್ತು ಹೂವಿಗೆ ಬಿಸಿನೀರು ಸುರಿದು, ಹತ್ತು ನಿಮಿಷ ಮುಚ್ಚಿಟ್ಟು ಸೋಸಿದರೆ ಸಾಕು. ಒಣಶುಂಠಿ, ಅಮೃತಬಳ್ಳಿಯ ಕಾಂಡ, ಮರದ ತೊಗಟೆ ಇವುಗಳ ಮಾತು ಬೇರೆ. ಗಟ್ಟಿ ನಾರಿನೊಳಗಿನ ಸಾರ ಬರೀ ನೆನೆಸಿದರೆ ಸುಲಭವಾಗಿ ಬಿಡುವುದಿಲ್ಲ, ಕುದಿಸಲೇಬೇಕು. ಮಲೆನಾಡಿನ ಅಜ್ಜಿಯರು ಕೊತ್ತಂಬರಿ, ಜೀರಿಗೆ, ಮೆಣಸು, ಮೆಂತ್ಯಗಳನ್ನು ಮೊದಲು ಹುರಿದು ಪುಡಿ ಮಾಡಿಟ್ಟುಕೊಂಡು, ಬೇಕಾದಾಗ ಬೆಲ್ಲದ ನೀರಿನಲ್ಲಿ ಒಂದು ಕುದಿ ಬರಿಸಿ, ಹಾಲು ಬೆರೆಸುವ ಕ್ರಮದಲ್ಲಿ ಈ ವಿವೇಕ ಇದೆ. ಪುಡಿಯಾಗಿರುವುದರಿಂದ ಒಂದೇ ಕುದಿ ಸಾಕು.

ಈ ಗೊಂದಲ ಸರ್ಕಾರಿ ಕಾಗದದಲ್ಲೂ ಕಾಣಿಸಿಕೊಂಡಿತು. 2020ರಲ್ಲಿ ಕೊರೊನಾ ಹರಡಿದ್ದಾಗ ಕೇಂದ್ರದ ಆಯುಷ್ ಸಚಿವಾಲಯ 'ಆಯುಷ್ ಕ್ವಾಥ' ಎಂಬ ಮಿಶ್ರಣವನ್ನು ಸೂಚಿಸಿತು. ತುಳಸಿ ನಾಲ್ಕು ಪಾಲು, ಚಕ್ಕೆ ಎರಡು, ಒಣಶುಂಠಿ ಎರಡು, ಕಾಳುಮೆಣಸು ಒಂದು. ಮೂರು ಗ್ರಾಂ ಪುಡಿಯನ್ನು 150 ಮಿಲಿಲೀಟರ್ ಕುದಿಸಿದ ನೀರಿಗೆ ಬೆರೆಸಿ ಚಹಾದಂತೆ ಕುಡಿಯಬೇಕೆಂದು ಅದು ತಿಳಿಸಿತ್ತು. ಹೆಸರು ಕ್ವಾಥ, ವಿಧಾನ ಫಾಂಟದ್ದು. ತುಳಸಿಯೇ ಹೆಚ್ಚಿರುವ ಮಿಶ್ರಣಕ್ಕೆ ವಿಧಾನವೇನೋ ಒಪ್ಪುವಂಥದೇ. ಆದರೆ ಹೆಸರು ಕೇಳಿದ ಜನ ಮನೆಮನೆಗಳಲ್ಲಿ ಅದನ್ನು ಗಂಟೆಗಟ್ಟಲೆ ಕುದಿಸಿ, ಮೆಣಸಿನ ಪಾಲು ಹೆಚ್ಚಿಸಿ, ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಕುಡಿದರು. ಎದೆಯುರಿ, ಹೊಟ್ಟೆಯುರಿ ಎಂದು ವೈದ್ಯರ ಬಳಿ ಹೋದವರೂ ಇದ್ದರು.

ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯಂದು ಕುಡಿಯುವ ಹಾಲೆ ಮರದ ಕಷಾಯ ಇನ್ನೊಂದು ಉದಾಹರಣೆ. ಮಂಗಳೂರಿನಿಂದ ಕಾಸರಗೋಡಿನವರೆಗೆ ಈ ಪದ್ಧತಿ ಇದೆ. ನಸುಕಿನಲ್ಲಿ ಎದ್ದು, ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆದ ತೊಗಟೆಯನ್ನು ಮೆಣಸು, ಬೆಳ್ಳುಳ್ಳಿ, ಓಮದೊಡನೆ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದರಲ್ಲಿ ಅದ್ದುತ್ತಾರೆ. ಹೆಸರು ಕಷಾಯವಾದರೂ ಶಾಸ್ತ್ರದ ಲೆಕ್ಕದಲ್ಲಿ ಅದು ಸ್ವರಸ, ಅಂದರೆ ಐದರಲ್ಲಿ ಅತ್ಯಂತ ಬಲವಾದದ್ದು. ಅದನ್ನು ಒಂದು ಸಣ್ಣ ಲೋಟ ಮಾತ್ರ ಕುಡಿದು, ಮೇಲೆ ಮೆಂತ್ಯದ ಗಂಜಿ ಉಣ್ಣುವ ವಾಡಿಕೆಗೆ ಕಾರಣ ಇದೇ ಇರಬೇಕು. ಹಾಲೆ ಎಂದು ತಿಳಿದು ಕತ್ತಲಲ್ಲಿ ಕಾಸರಕದ ತೊಗಟೆ ತಂದರಂತೂ ಪ್ರಾಣಕ್ಕೇ ಅಪಾಯ. ಕಾಸರಕದಲ್ಲಿರುವುದು ಸ್ಟ್ರಿಕ್ನೀನ್ ಎಂಬ ವಿಷ. ಮರದ ಗುರುತು ಬಲ್ಲವರೇ ತರಬೇಕೆಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ನಾವು ಕೊರಗಿನ ದನಿಯಲ್ಲಿ ಹೇಳುತ್ತೇವೆ. ವಿಧಾನ ತಿಳಿಯದಿದ್ದರೆ ಆ ಗಾದೆ ಅಕ್ಷರಶಃ ನಿಜವಾಗುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ಪೊಟ್ಟಣ ಕಟ್ಟಿಸಿಕೊಳ್ಳುವಾಗ ಎಷ್ಟು ಗ್ರಾಂ ಎಂದು ಕೇಳುವ ನಾವು, ಇದನ್ನು ಕುದಿಸಬೇಕೋ ನೆನೆಸಬೇಕೋ ಎಂದು ಕೇಳುವುದಿಲ್ಲ. ಕೇಳಬೇಕಾದ ಮುಖ್ಯ ಪ್ರಶ್ನೆ ಅದು.

ಬಾಟಲಿ ಏರಿಸುವುದು

ಇನ್ಫ್ಯೂಶನ್ ಎಂಬ ಪದ ಇಂದು ಹೆಚ್ಚು ಬಳಕೆಯಲ್ಲಿರುವುದು ಆಸ್ಪತ್ರೆಯಲ್ಲಿ. ರಕ್ತನಾಳದೊಳಕ್ಕೆ ದ್ರವವನ್ನು ನಿಧಾನವಾಗಿ ಹರಿಸುವುದಕ್ಕೆ ವೈದ್ಯರು ಬಳಸುವ ಪದ ಇದು. ಪದದ ಮೂಲಾರ್ಥವಾದ 'ಒಳಕ್ಕೆ ಎರೆಯುವುದು' ಇಲ್ಲಿ ಅಕ್ಷರಶಃ ನಡೆಯುತ್ತದೆ. ಕನ್ನಡದ ಜನ ಇದಕ್ಕೂ ತಮ್ಮದೇ ಮಾತು ಕಟ್ಟಿಕೊಂಡಿದ್ದಾರೆ. ಬೆಂಗಳೂರಿನ ಕಡೆ ಗ್ಲೂಕೋಸ್ ಹಾಕುತ್ತಾರೆ, ಡ್ರಿಪ್ಸ್ ಹಾಕುತ್ತಾರೆ. ಉತ್ತರ ಕರ್ನಾಟಕದಲ್ಲಿ ಸಲಾಯಿನ್ ಹಚ್ಚುತ್ತಾರೆ. ಎಲ್ಲ ಕಡೆಯೂ ಬಾಟಲಿ ಏರಿಸುತ್ತಾರೆ. ಕಾಫಿ ಇಳಿಯುತ್ತದೆ, ಬಾಟಲಿ ಏರುತ್ತದೆ. ಹನಿ ಹನಿಯಾಗಿ ಕೆಳಗಿಳಿಯುವುದು ಮಾತ್ರ ಎರಡರಲ್ಲೂ ಒಂದೇ.

ಇದರ ಚರಿತ್ರೆ ಕಾಲರಾದ ಚರಿತ್ರೆಯೊಡನೆ ಬೆಸೆದಿದೆ. 1831-32ರಲ್ಲಿ ಬ್ರಿಟನ್ನಿನಲ್ಲಿ ಕಾಲರಾ ಹಬ್ಬಿದಾಗ ವಿಲಿಯಂ ಒಶಾನಸಿ ಎಂಬ ತರುಣ ವೈದ್ಯ ರೋಗಿಗಳ ರಕ್ತ ಪರೀಕ್ಷಿಸಿ, ಅದರಲ್ಲಿ ನೀರು ಮತ್ತು ಲವಣ ಕಡಿಮೆಯಾಗಿರುವುದನ್ನು ತೋರಿಸಿದ. ಅದನ್ನು ಓದಿದ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ 1832ರಲ್ಲಿ, ಸಾವಿನಂಚಿನಲ್ಲಿದ್ದ ರೋಗಿಗಳ ರಕ್ತನಾಳಕ್ಕೆ ಉಪ್ಪು ಮತ್ತು ಸೋಡಾ ಬೆರೆಸಿದ ನೀರು ಹರಿಸಿದ. ಕೆಲವರು ಎದ್ದು ಕುಳಿತರು. ಆದರೂ ಈ ವಿಧಾನ ನೆಲೆಯೂರಲು ದಶಕಗಳೇ ಹಿಡಿದವು. ಒಶಾನಸಿ ಮುಂದೆ ಕಲ್ಕತ್ತೆಗೆ ಬಂದು, ಭಾರತದಲ್ಲಿ ಮೊದಲ ತಂತಿ ಮಾರ್ಗಗಳನ್ನು ಹಾಕಿಸಿದ. ಚರಕನ ಪ್ರಕಾರ ಆರು ರಸಗಳಲ್ಲಿ ಕಷಾಯಕ್ಕೆ ಒದಗದ ರಸ ಒಂದೇ, ಅದು ಉಪ್ಪು. ಆಧುನಿಕ ವೈದ್ಯದ ಇನ್ಫ್ಯೂಶನ್ ಶುರುವಾದದ್ದೇ ಉಪ್ಪುನೀರಿನಿಂದ. ಇಂದಿಗೂ ಅತಿ ಸಾಮಾನ್ಯವಾದ ಸಲೈನ್ ಎಂದರೆ ಲೀಟರಿಗೆ 9 ಗ್ರಾಂ ಉಪ್ಪು ಬೆರೆತ ಶುದ್ಧ ನೀರು.

ಇಲ್ಲಿಯೂ ಹೆಸರು ತಂದೊಡ್ಡಿದ ಒಂದು ಭ್ರಮೆ ಇದೆ. 'ಗ್ಲೂಕೋಸ್ ಹಾಕಿಸಿದರೆ ಶಕ್ತಿ ಬರುತ್ತದೆ' ಎಂಬ ನಂಬಿಕೆ ಹಳ್ಳಿಯಲ್ಲೂ ಇದೆ, ನಗರದ ಬಡಾವಣೆಗಳಲ್ಲೂ ಇದೆ. ಸುಸ್ತು, ತಲೆಸುತ್ತು, ಸಣ್ಣ ಜ್ವರ ಎಂದರೆ ಸಾಕು, "ಒಂದು ಬಾಟ್ಲಿ ಹಾಕಿಬಿಡಿ ಡಾಕ್ಟ್ರೇ" ಎಂದು ಕೇಳುವವರಿದ್ದಾರೆ. ಒಂದು ದಿನದ ಕೂಲಿಯನ್ನು ಅದಕ್ಕೇ ಕೊಟ್ಟು ಬರುವವರಿದ್ದಾರೆ. ಶೇ 5ರ ಡೆಕ್ಸ್‌ಟ್ರೋಸ್‌ನ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲೂಕೋಸ್, ಅಂದರೆ ಐದಾರು ಚಮಚ ಸಕ್ಕರೆಗೆ ಸಮ. ಅದರಿಂದ ಸಿಗುವ ಶಕ್ತಿ ನೂರು ಕ್ಯಾಲರಿಯನ್ನೂ ಮುಟ್ಟುವುದಿಲ್ಲ. ಒಂದು ದೊಡ್ಡ ಬಾಳೆಹಣ್ಣು ಅದಕ್ಕಿಂತ ಹೆಚ್ಚು ಕೊಟ್ಟೀತು. ಬಾಯಿಂದ ಏನೂ ಸೇರದವರಿಗೆ, ತೀವ್ರ ನಿರ್ಜಲತೆಯಾದವರಿಗೆ, ಡೆಂಗಿ ಉಲ್ಬಣಿಸಿದವರಿಗೆ, ಶಸ್ತ್ರಚಿಕಿತ್ಸೆಯ ವೇಳೆ ಡ್ರಿಪ್ ಜೀವ ಉಳಿಸುತ್ತದೆ. ಉಳಿದವರಿಗೆ ಅದು ಅನಗತ್ಯ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ಅಪಾಯವೂ ಹೌದು.

ಭೇದಿಯಾದಾಗ ಬಹುಪಾಲು ರೋಗಿಗಳಿಗೆ ಬಾಟಲಿಯ ಕೆಲಸವನ್ನು ಲೋಟವೇ ಮಾಡಬಲ್ಲದು ಎಂದು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟವರು ಭಾರತದ ವೈದ್ಯರೇ. 1971ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಬಂಗಾಂವ್ ಶಿಬಿರದಲ್ಲಿ ಕಾಲರಾ ಹರಡಿ, ಡ್ರಿಪ್ ಬಾಟಲಿಗಳು ಸಾಲದಾದವು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಇಂದು ಮೆಡಿಕಲ್ ಶಾಪಿನಲ್ಲಿ ಕೆಲವೇ ರೂಪಾಯಿಗೆ ಸಿಗುವ ಓಆರ್‌ಎಸ್ ಪೊಟ್ಟಣ ಅದರ ಫಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ನೀರಿನ ಅಳತೆ ತಪ್ಪಬಾರದು ಎಂಬುದೊಂದೇ ಷರತ್ತು. ಪೊಟ್ಟಣದ ಮೇಲೆ ಒಂದು ಲೀಟರ್ ಎಂದು ಬರೆದಿದ್ದರೆ ಒಂದು ಲೋಟಕ್ಕೆ ಸುರಿಯಬಾರದು.

ಎರೆಯುವ ಮಾತು

ಹಾಗಾದರೆ ಇನ್ಫ್ಯೂಶನ್‌ಗೆ ಕನ್ನಡದಲ್ಲಿ ಪದವೇ ಇಲ್ಲವೇ? ಒಂದೇ ನಾಮಪದ ಹುಡುಕಿದರೆ ಸಿಗುವುದು ಕಷ್ಟ. ಕ್ರಿಯಾಪದ ಹುಡುಕಿದರೆ ಮನೆ ತುಂಬ ಇವೆ. ಲ್ಯಾಟಿನ್ನಿನ 'ಫುಂಡೆರೆ'ಗೆ ಸರಿಸಾಟಿಯಾಗಿ ಕನ್ನಡದಲ್ಲಿ 'ಎರೆ' ಇದೆ. ಗಿಡಕ್ಕೆ ನೀರೆರೆಯುತ್ತೇವೆ, ನಾಗರಕಲ್ಲಿಗೆ ಹಾಲೆರೆಯುತ್ತೇವೆ, ಹಬ್ಬದ ದಿನ ತಲೆಗೆರೆಯುತ್ತೇವೆ. ಲ್ಯಾಟಿನ್ ಪದದ ಸಂತತಿಯಲ್ಲಿ ಲೋಹ ಕರಗಿಸಿ ಅಚ್ಚಿಗೆ ಸುರಿಯುವ ಫೌಂಡ್ರಿಯೂ ಸೇರಿದೆ. ಕನ್ನಡದಲ್ಲಿಯೂ ಎರೆ ಎಂಬುದರಿಂದ ಎರಕ ಬಂದಿದೆ. ಬರೋ ಮತ್ತು ಎಮೆನೊ ಅವರ ದ್ರಾವಿಡ ಪದಮೂಲ ಕೋಶ ಕನ್ನಡದ ಎರಕಕ್ಕೆ ಅರ್ಥ ಕೊಡುವಾಗ ಇನ್ಫ್ಯೂಶನ್ ಎಂಬ ಪದವನ್ನೇ ಬಳಸಿದೆ. ಸಾವಿರಾರು ಮೈಲಿ ದೂರದ ಎರಡು ಭಾಷೆಗಳು, ನೀರು ಸುರಿಯುವ ಮಾತಿನಿಂದಲೇ ಲೋಹ ಸುರಿಯುವ ಮಾತನ್ನು ಮಾಡಿಕೊಂಡಿವೆ.

ಇನ್ನು ಲಾಕ್ಷಣಿಕ ಅರ್ಥಗಳು. ಗುರು ಶಿಷ್ಯನಿಗೆ ವಿದ್ಯೆ ಧಾರೆಯೆರೆಯುತ್ತಾನೆ. ಸೋತವನಿಗೆ ಗೆಳೆಯ ಧೈರ್ಯ ತುಂಬುತ್ತಾನೆ. ನಟ ಪಾತ್ರಕ್ಕೆ ಜೀವ ತುಂಬುತ್ತಾನೆ. ನಷ್ಟದಲ್ಲಿರುವ ಬ್ಯಾಂಕಿಗೆ ಸರ್ಕಾರ ಬಂಡವಾಳ ತುಂಬುತ್ತದೆ. 2017ರ ಅಕ್ಟೋಬರಿನಲ್ಲಿ ಸರ್ಕಾರಿ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ರೂಪಾಯಿಯ ಇಂಥ ಯೋಜನೆ ಘೋಷಣೆಯಾದಾಗ ಇಂಗ್ಲಿಷ್ ಪತ್ರಿಕೆಗಳು ಬಳಸಿದ್ದು ಇನ್ಫ್ಯೂಶನ್ ಪದವನ್ನೇ. ಎರೆ, ಇಳಿಸು, ತುಂಬು ಎಂಬ ಮೂರು ಮಾತುಗಳ ನಡುವೆ ಇನ್ಫ್ಯೂಶನ್‌ನ ಬಹುತೇಕ ಕೆಲಸವೆಲ್ಲ ಕನ್ನಡದಲ್ಲಿ ನಡೆದುಹೋಗುತ್ತದೆ.

ಅದೇ 'ಫುಂಡೆರೆ'ಯ ಇನ್ನೊಂದು ಕುಡಿ ನಾವು ದಿನಕ್ಕೆ ಹತ್ತು ಸಲ ಬಳಸುವ ಕನ್‌ಫ್ಯೂಶನ್. ಎಲ್ಲವನ್ನೂ ಒಟ್ಟಿಗೆ ಸುರಿದುಬಿಡುವುದು ಎಂಬುದು ಅದರ ಮೂಲಾರ್ಥ. ಕುದಿಸುವುದನ್ನೂ ನೆನೆಸುವುದನ್ನೂ ಒಂದೇ ಹೆಸರಿನ ಪಾತ್ರೆಗೆ ಸುರಿದುಕೊಂಡದ್ದರಿಂದ ಆದದ್ದೂ ಅದೇ.

ಆರ್‌ಪಿಸಿ ಲೇಔಟ್‌ನ ಮನೆಗಳಲ್ಲಿ ನಾಳೆ ಬೆಳಿಗ್ಗೆಯೂ ಡಿಕಾಕ್ಷನ್ ಎಂಬ ಮಾತೇ ಕೇಳಿಸುತ್ತದೆ. ಅದನ್ನು ತಿದ್ದುವ ಅಗತ್ಯವೇನೂ ಇಲ್ಲ, ಕಾಫಿಗೆ ಆ ಹೆಸರು ಹಿಡಿದುಹೋಗಿದೆ. ಆದರೆ ಅದೇ ಅಡಿಗೆಮನೆಯಲ್ಲಿ ಕೆಮ್ಮುವ ಮಗುವಿಗೆ ತುಳಸಿ ಕಿತ್ತು ತಂದಾಗ, ಒಲೆ ಹಚ್ಚುವ ಮುನ್ನ ಫಿಲ್ಟರಿನ ಕಡೆ ಒಮ್ಮೆ ನೋಡಿದರೆ ಒಳ್ಳೆಯದು. ಬಿಸಿನೀರು ಎರೆದು, ಮುಚ್ಚಳ ಮುಚ್ಚಿ, ಇಳಿಯಲು ಬಿಡುವ ಪಾಠ ಪ್ರತಿ ರಾತ್ರಿ ಅಲ್ಲೇ ನಡೆಯುತ್ತಿರುತ್ತದೆ.